ಹಸಿ ತ್ಯಾಜ್ಯದಿಂದ ಅನಿಲ: ಘಟಕಕ್ಕೆ ಜಾಗ ಹುಡುಕುವ ನಕ್ಷೆಯಲ್ಲಿ ಏನು ಬಿಟ್ಟುಹೋಗಿದೆ?

ಪದರಪ್ರಿಯ

ನಮಸ್ಕಾರ ಎಲ್ಲರಿಗೂ. ಸಗಣಿ, ಅಡುಗೆಮನೆ ತ್ಯಾಜ್ಯ, ಆಹಾರ ಕಾರ್ಖಾನೆಗಳ ಉಳಿಕೆ ಇವುಗಳಿಂದ ಬಯೋಮೀಥೇನ್ (ಶುದ್ಧ ಮಾಡಿದ ಬಯೋಗ್ಯಾಸ್) ಮಾಡುವ ಘಟಕಕ್ಕೆ ಎಲ್ಲಿ ಜಾಗ ಸರಿಹೋಗುತ್ತದೆ ಅಂತ ಒಂದು ನಕ್ಷೆ ಮಾಡುತ್ತಿದ್ದೇನೆ. ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ. ಕ್ರಮ ಎಲ್ಲರೂ ಮಾಡುವಂಥದ್ದೇ.

ಮೊದಲು ಕಟ್ಟಲೇಬಾರದ ಜಾಗ ಅಳಿಸಿದೆ. ಕಾಡು, ಹೊಳೆ ದಂಡೆ, ನೆರೆ ನುಗ್ಗುವ ತಗ್ಗು, ಕಡಿದಾದ ಇಳಿಜಾರು, ಮನೆಗಳಿಗೆ 500 ಮೀಟರ್‌ಗಿಂತ ಹತ್ತಿರ ಇರುವುದು. ಉಳಿದ ಜಾಗಕ್ಕೆ 4 ಪದರಗಳಿಂದ ಅಂಕ ಕೊಟ್ಟೆ: ಸುತ್ತ ಎಷ್ಟು ಟನ್ ತ್ಯಾಜ್ಯ ಸಿಗುತ್ತದೆ, ರಸ್ತೆ ಎಷ್ಟು ಹತ್ತಿರ, ಗ್ಯಾಸ್ ಪೈಪ್ ಎಷ್ಟು ಹತ್ತಿರ, ವಿದ್ಯುತ್ ಲೈನ್ ಎಷ್ಟು ಹತ್ತಿರ. ಯಾವುದಕ್ಕೆ ಎಷ್ಟು ತೂಕ ಅನ್ನುವುದನ್ನು ಎಎಚ್‌ಪಿ ವಿಧಾನದಲ್ಲಿ, ಅಂದರೆ ಪದರಗಳನ್ನು ಎರಡೆರಡಾಗಿ ಹೋಲಿಸಿ, ತೆಗೆದೆ. ಸ್ಥಿರತೆ ಅನುಪಾತ 0.1ಕ್ಕಿಂತ ಕಡಿಮೆಯೇ ಬಂತು.

ನಕ್ಷೆ ನೋಡಲು ಚೆನ್ನಾಗಿದೆ. ಆದರೆ ಹೆಚ್ಚು ಅಂಕದ ಕಡು ಹಸಿರು ಎಲ್ಲಾ ಪಶು ಸಾಕಣೆ ದಟ್ಟವಾಗಿರುವ ಕಡೆಗೇ ಹೋಗಿ ಕೂತಿದೆ. ಇದನ್ನು ನಂಬಬಹುದಾ?

ಹಳೇ ಆಪರೇಟರ್

ನಂಬಬೇಡಿ. ನಿಮ್ಮ ನಕ್ಷೆ ಒಳಗೆ ಬರುವುದನ್ನು ಮಾತ್ರ ಎಣಿಸಿದೆ. ಗ್ಯಾಸ್ ತೆಗೆದ ಮೇಲೆ ಉಳಿದು ಹೊರಗೆ ಹೋಗುವ ಬಗ್ಗಡ ಎಲ್ಲಿ?

ತುಂಬ ಜನ ಅಂದುಕೊಳ್ಳುವುದು ಹೀಗೆ: ತ್ಯಾಜ್ಯ ಡೈಜೆಸ್ಟರ್‌ಗೆ (ಗ್ಯಾಸ್ ಮಾಡುವ ಮುಚ್ಚಿದ ತೊಟ್ಟಿಗೆ) ಹೋಯಿತು, ಗ್ಯಾಸ್ ಆಯಿತು, ಸ್ವಲ್ಪ ಗೊಬ್ಬರ ಉಳಿಯಿತು. ಲೆಕ್ಕ ಹಾಕಿ ನೋಡಿ. ಒಂದು ಟನ್ ಹಸುವಿನ ಸ್ಲರಿಯಿಂದ (ನೀರಾದ ಸಗಣಿಯಿಂದ) ಸುಮಾರು 20 ಘನ ಮೀಟರ್ ಬಯೋಗ್ಯಾಸ್ ಬರುತ್ತದೆ. ಆ ಗ್ಯಾಸಿನ ತೂಕ ಹೆಚ್ಚೆಂದರೆ 25 ಕಿಲೋ. ಉಳಿದ 975 ಕಿಲೋ ಹಾಗೇ ಹೊರಗೆ ಬರುತ್ತದೆ. ಊಟದ ಉಳಿಕೆಯಾದರೆ ಟನ್ನಿಗೆ 120 ಘನ ಮೀಟರ್ ಅಂತಿಟ್ಟುಕೊಳ್ಳಿ. ಆಗಲೂ 850 ಕಿಲೋ ಉಳಿಯುತ್ತದೆ.

ಅಂದರೆ 1 ಲಾರಿ ಒಳಗೆ ಬಂದರೆ ಹತ್ತಿರ ಹತ್ತಿರ 1 ಲಾರಿ ಹೊರಗೆ ಹೋಗಬೇಕು. ಅದೂ ವರ್ಷಪೂರ್ತಿ ಅಲ್ಲ. ಬೆಳೆ ತೆಗೆದುಕೊಳ್ಳುವ ಕಾಲದಲ್ಲಿ ಮಾತ್ರ ಹೊಲಕ್ಕೆ ಹಾಕಬಹುದು. ಉಳಿದ ತಿಂಗಳು ತೊಟ್ಟಿಯಲ್ಲಿ ನಿಲ್ಲಬೇಕು. ಗ್ಯಾಸ್ ಕಡಿಮೆ ಬಂತು ಅಂತ ಘಟಕ ತಕ್ಷಣ ನಿಲ್ಲುವುದಿಲ್ಲ. ಬಗ್ಗಡದ ತೊಟ್ಟಿ ತುಂಬಿದರೆ ಅವತ್ತೇ ನಿಲ್ಲುತ್ತದೆ.

ಜಾಗ ಹುಡುಕುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಇದನ್ನು ತೆಗೆದುಕೊಳ್ಳುವ ಹೊಲ ಎಲ್ಲಿದೆ? ಕಚ್ಚಾ ಮಾಲು ಎಲ್ಲಿದೆ ಅನ್ನುವುದು ಎರಡನೇ ಪ್ರಶ್ನೆ.

ಮಣ್ಣುಮಾತು

ಇದಕ್ಕೆ ಒಂದು ಹಳೆಯ ನಿಯಮವೂ ಇದೆ. ಕಾರ್ಖಾನೆ ಎಲ್ಲಿ ಕೂರಬೇಕು ಅಂತ 1909ರಲ್ಲೇ ಜರ್ಮನ್ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ವೆಬರ್ ಲೆಕ್ಕ ಹಾಕಿದ್ದರು. ಕಚ್ಚಾ ಮಾಲು ತಯಾರಿಕೆಯಲ್ಲಿ ತೂಕ ಕಳೆದುಕೊಂಡರೆ ಕಾರ್ಖಾನೆ ಮಾಲಿನ ಹತ್ತಿರ ಇರಲಿ, ಇಲ್ಲದಿದ್ದರೆ ಮಾರುಕಟ್ಟೆ ಕಡೆಗೆ ಸರಿಯಲಿ ಅಂತ. ಬಯೋಗ್ಯಾಸನ್ನು ಎಲ್ಲರೂ ಮೊದಲನೇ ಗುಂಪಿಗೆ ಸೇರಿಸಿಬಿಡುತ್ತಾರೆ. ಗ್ಯಾಸನ್ನು ಮಾತ್ರ ಸರಕು ಅಂದುಕೊಂಡರೆ ಅದು ಸರಿಯೇ. ಆದರೆ ತೂಕ ಎಲ್ಲಿಗೂ ಹೋಗಿಲ್ಲ ಅಲ್ವಾ?

ಸಾರಜನಕವೂ ಅಷ್ಟೇ. ಡೈಜೆಸ್ಟರ್ ಇಂಗಾಲವನ್ನು ತೆಗೆಯುತ್ತದೆ, ಸಾರಜನಕವನ್ನು ತೆಗೆಯುವುದಿಲ್ಲ. ರಂಜಕವನ್ನೂ ತೆಗೆಯುವುದಿಲ್ಲ. ಒಳಗೆ ಎಷ್ಟು ಕಿಲೋ ಹೋಯಿತೋ ಅಷ್ಟೇ ಹೊರಗೆ ಬರುತ್ತದೆ. ರೂಪ ಮಾತ್ರ ಬದಲಾಗುತ್ತದೆ. ಅಮೋನಿಯಂ ಪಾಲು ಜಾಸ್ತಿಯಾಗುತ್ತದೆ. ಬೆಳೆಗೆ ಬೇಗ ಸಿಗುತ್ತದೆ, ಹಾಗೆಯೇ ಗಾಳಿಗೂ ಬೇಗ ಹೋಗುತ್ತದೆ.

ಪಶು ಸಾಕಣೆ ದಟ್ಟವಾಗಿರುವ ಕಡೆ ಹೊಲಗಳಿಗೆ ಈಗಾಗಲೇ ಗೊಬ್ಬರ ಮಿತಿ ಮೀರಿರುತ್ತದೆ. ನಿಮ್ಮ ಕಡು ಹಸಿರು ಜಾಗ ಬಗ್ಗಡದ ಲೆಕ್ಕದಲ್ಲಿ ಕಡು ಕೆಂಪು ಆಗಬಹುದು.

ಪದರಪ್ರಿಯ

ಇದು ಹೊಳೆದೇ ಇರಲಿಲ್ಲ. ಹಾಗಾದರೆ ಬಗ್ಗಡದ ಪದರ ಹೇಗೆ ಮಾಡುವುದು? ಹೊಲದ ವಿಸ್ತೀರ್ಣ ತೆಗೆದುಕೊಂಡರೆ ಸಾಕಾ?

ಟ್ಯಾಂಕರ್‌ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. ವರ್ಷಕ್ಕೆ 40,000 ಟನ್ ಸ್ಲರಿ, 10,000 ಟನ್ ಊಟದ ಉಳಿಕೆ. ಸ್ಲರಿಯಲ್ಲಿ ಟನ್ನಿಗೆ 4 ಕಿಲೋ ಸಾರಜನಕ, ಊಟದ ಉಳಿಕೆಯಲ್ಲಿ 7 ಕಿಲೋ ಅಂದುಕೊಳ್ಳಿ. ಒಟ್ಟು 2,30,000 ಕಿಲೋ.

ಯುರೋಪಿನ ಒಕ್ಕೂಟದಲ್ಲಿ 1991ರ ನೈಟ್ರೇಟ್ ನಿರ್ದೇಶನ ಇದೆ. ನೀರು ಕೆಡುವ ಅಪಾಯ ಇರುವ ವಲಯಗಳಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಹೆಕ್ಟೇರಿಗೆ 170 ಕಿಲೋಗಿಂತ ಜಾಸ್ತಿ ಸಾರಜನಕ ಪಶು ಗೊಬ್ಬರದಿಂದ ಹೋಗುವಂತಿಲ್ಲ. ಬೇರೆ ಕಡೆ ಬೇರೆ ಮಿತಿ ಇರುತ್ತದೆ. ಲೆಕ್ಕಕ್ಕೆ ಇದನ್ನೇ ಇಟ್ಟುಕೊಳ್ಳೋಣ. 2,30,000ವನ್ನು 170ರಿಂದ ಭಾಗಿಸಿದರೆ ಸುಮಾರು 1,350 ಹೆಕ್ಟೇರ್. ಆದರೆ ಸುತ್ತಲಿನ ನೆಲವೆಲ್ಲ ಹೊಲ ಅಲ್ಲ, ಹೊಲ ಇರುವವರೆಲ್ಲ ಒಪ್ಪುವುದೂ ಇಲ್ಲ. ಐದರಲ್ಲಿ ಒಂದು ಪಾಲು ಸಿಕ್ಕಿತು ಅಂದುಕೊಂಡರೆ 6,750 ಹೆಕ್ಟೇರ್ ವೃತ್ತ ಬೇಕು. ತ್ರಿಜ್ಯ ಸುಮಾರು 4.6 ಕಿ.ಮೀ.

ಮಣ್ಣುಮಾತು

ಲೆಕ್ಕ ಚೆನ್ನಾಗಿದೆ, ಆದರೆ ಒಂದು ತಿದ್ದುಪಡಿ. ಆ 40,000 ಟನ್ ಸ್ಲರಿ ಅದೇ ಸುತ್ತಿನ ಹೊಲಗಳಿಗೆ ಮೊದಲೂ ಹೋಗುತ್ತಿತ್ತು. ಘಟಕ ಬಂದ ಮೇಲೆ ಅದೇನೂ ಹೊಸದಲ್ಲ. ಹೊಸದಾಗಿ ಸೇರಿದ್ದು ಊಟದ ಉಳಿಕೆಯ 70,000 ಕಿಲೋ ಮಾತ್ರ.

ಹಾಗಾಗಿ ಎಷ್ಟು ಹೊಲ ಇದೆ ಅಂತ ಕೇಳಿದರೆ ಸಾಲದು. ಹೊಲದಲ್ಲಿ ಎಷ್ಟು ಜಾಗ ಖಾಲಿ ಇದೆ ಅಂತ ಕೇಳಬೇಕು. ಹೆಕ್ಟೇರಿಗೆ ಇನ್ನೂ 40 ಕಿಲೋ ಹಿಡಿಯುತ್ತದೆ ಅಂದರೆ 1,750 ಹೆಕ್ಟೇರ್ ಬೇಕು. ಐದರಲ್ಲಿ ಒಂದು ಪಾಲು ಅಂದರೆ 5.3 ಕಿ.ಮೀ. ತ್ರಿಜ್ಯ. ಪಶುಗಳು ದಟ್ಟವಾಗಿರುವ ಕಡೆ ಬರೀ 10 ಕಿಲೋ ಖಾಲಿ ಇದೆ ಅನ್ನಿ. ಆಗ ತ್ರಿಜ್ಯ 10 ಕಿ.ಮೀ. ದಾಟುತ್ತದೆ. ಘಟಕ ಅದೇ, ಗ್ಯಾಸ್ ಅಷ್ಟೇ, ಬಗ್ಗಡ ಹೊರುವ ದೂರ ಮಾತ್ರ ದುಪ್ಪಟ್ಟು.

ಪದರ ಮಾಡುವ ಕ್ರಮ: ನಕ್ಷೆಯ ಪ್ರತಿ ಚೌಕದಲ್ಲಿ ಬೆಳೆ ಎಳೆದುಕೊಳ್ಳುವ ಸಾರಜನಕ, ಅದರಿಂದ ಈಗಾಗಲೇ ಬೀಳುತ್ತಿರುವ ಪಶು ಗೊಬ್ಬರದ ಸಾರಜನಕ ಕಳೆಯಿರಿ. ರಂಜಕಕ್ಕೂ ಹಾಗೇ ಮಾಡಿ. ಎರಡರಲ್ಲಿ ಯಾವುದು ಕಡಿಮೆ ಹಿಡಿಯುತ್ತದೋ ಅದೇ ಆ ಚೌಕದ ಮಿತಿ. ಎಷ್ಟೋ ಕಡೆ ರಂಜಕವೇ ಮೊದಲು ತುಂಬುತ್ತದೆ.

ರಾಸಾಯನಿಕ ಗೊಬ್ಬರವನ್ನು ಕಳೆಯಬೇಡಿ. ಅದರ ಜಾಗ ತುಂಬುವುದೇ ಬಗ್ಗಡದ ಕೆಲಸ.

ಸುಮ್ನೆ ಓದುಗ

ಬಗ್ಗಡವನ್ನು ಒಣಗಿಸಿ ದೂರಕ್ಕೆ ಕಳಿಸಿದರೆ ಆಯಿತಲ್ಲ?

ಹಳೇ ಆಪರೇಟರ್

ಹಿಂಡಿ ಬೇರ್ಪಡಿಸಬಹುದು. ಸ್ಕ್ರೂ ಪ್ರೆಸ್ ಹಾಕಿದರೆ ಗಟ್ಟಿ ಭಾಗದಲ್ಲಿ ರಂಜಕ ಜಾಸ್ತಿ ಹೋಗುತ್ತದೆ, ಅದನ್ನು ದೂರ ಸಾಗಿಸಬಹುದು. ಆದರೆ ನೀರಿನ ಭಾಗ ಅಲ್ಲೇ ಉಳಿಯುತ್ತದೆ. ಅಮೋನಿಯಂ ಬಹುಪಾಲು ಅದರಲ್ಲೇ ಇರುತ್ತದೆ. ನೀರನ್ನು ಆರಿಸಲು ಶಾಖ ಬೇಕು. ಆ ಶಾಖ ನಿಮ್ಮ ಗ್ಯಾಸಿನಿಂದಲೇ ಬರಬೇಕು. ಪಕ್ಕದಲ್ಲಿ ಯಾವುದಾದರೂ ಕಾರ್ಖಾನೆ ಬಿಸಿ ಗಾಳಿಯನ್ನು ಸುಮ್ನೆ ಹೊರಗೆ ಬಿಡುತ್ತಿದ್ದರೆ ಬೇರೆ ಮಾತು. ಅಂಥ ಕಾರ್ಖಾನೆಗಳನ್ನು ನಕ್ಷೆಯಲ್ಲಿ ಗುರುತಿಸುವುದು ಲಾಭ.

ಗ್ರಿಡ್‌ಗಿರಾಕಿ

ನನ್ನ ತಕರಾರು ಬೇರೆ. ಟನ್ ಲೆಕ್ಕ ಬಿಡಿ, ಮೀಥೇನ್ ಲೆಕ್ಕ ಹಿಡಿಯಿರಿ. ಮೇಲಿನ ಉದಾಹರಣೆಯನ್ನೇ ನೋಡಿ. 40,000 ಟನ್ ಸ್ಲರಿಯಿಂದ ಟನ್ನಿಗೆ 11 ಘನ ಮೀಟರ್ ಮೀಥೇನ್ ಅಂದರೆ 4,40,000. 10,000 ಟನ್ ಊಟದ ಉಳಿಕೆಯಿಂದ ಟನ್ನಿಗೆ 72 ಅಂದರೆ 7,20,000. ಐದರಲ್ಲಿ ಒಂದು ಪಾಲು ಮಾಲು ಅರ್ಧಕ್ಕಿಂತ ಹೆಚ್ಚು ಗ್ಯಾಸ್ ಕೊಡುತ್ತಿದೆ. ಸ್ಲರಿಯ ಬಹುಪಾಲು ನೀರು. ಸುಲಭವಾಗಿ ಅರಗುವುದನ್ನು ಹಸು ಮೊದಲೇ ಅರಗಿಸಿಕೊಂಡಿರುತ್ತದೆ. ಟನ್ ಹಾಕಿ ನಕ್ಷೆ ಮಾಡಿದರೆ ಹಸು ಇರುವ ಕಡೆಗೇ ಹಸಿರು ಬರುವುದರಲ್ಲಿ ಆಶ್ಚರ್ಯ ಏನಿದೆ?

ಹಾಗಂತ ಸ್ಲರಿ ಬೇಡ ಅಂತಲ್ಲ. ಬರೀ ಊಟದ ಉಳಿಕೆ ಹಾಕಿದರೆ ಡೈಜೆಸ್ಟರ್ ಹುಳಿಯಾಗಬಹುದು. ಸ್ಲರಿ ಅದನ್ನು ಸರಿದೂಗಿಸುತ್ತದೆ, ಬೇಕಾದ ಸೂಕ್ಷ್ಮಾಣುಗಳನ್ನೂ ತರುತ್ತದೆ. ತೆರೆದ ಗುಂಡಿಯಲ್ಲಿ ನಿಲ್ಲುತ್ತಿದ್ದ ಸ್ಲರಿಯಿಂದ ಮೀಥೇನ್ ಗಾಳಿಗೆ ಹೋಗುವುದೂ ತಪ್ಪುತ್ತದೆ. ಹವಾಮಾನದ ಲೆಕ್ಕದಲ್ಲಿ ಅದೇ ದೊಡ್ಡ ಲಾಭ.

ಈಗ ಪೈಪಿನ ವಿಷಯ. ಗ್ಯಾಸ್ ಪೈಪ್ ಹತ್ತಿರ ಇದೆ ಅಂತ ಅಂಕ ಕೊಟ್ಟಿದ್ದೀರಿ. ಹತ್ತಿರ ಇದ್ದರೆ ಆಯಿತಾ? ಆ ಪೈಪು ಗ್ಯಾಸ್ ಹಿಡಿಯಬೇಕಲ್ಲ. ನಿಮ್ಮ ಉದಾಹರಣೆಯ ಘಟಕ ಗಂಟೆಗೆ ಸುಮಾರು 130 ಘನ ಮೀಟರ್ ಮೀಥೇನ್ ಕೊಡುತ್ತದೆ, ಹಗಲು ರಾತ್ರಿ. ಆ ಪೈಪಿನ ಕೊನೆಯಲ್ಲಿ ಇರುವ ಗಿರಾಕಿಗಳು ಬೇಸಿಗೆ ರಾತ್ರಿ 3 ಗಂಟೆಗೆ ಎಷ್ಟು ಉರಿಸುತ್ತಾರೆ? ಮನೆ ಬಿಸಿ ಮಾಡಲು ಗ್ಯಾಸ್ ಬಳಸುವ ದೇಶಗಳಲ್ಲಿ ಚಳಿಗಾಲದ ಬೇಡಿಕೆಗೂ ಬೇಸಿಗೆಯದ್ದಕ್ಕೂ ಅಜಗಜಾಂತರ. ಕಡಿಮೆ ಒತ್ತಡದ ಪೈಪು ತುಂಬಿದರೆ ಗ್ಯಾಸನ್ನು ಸುಮ್ನೆ ಸುಡಬೇಕಾಗುತ್ತದೆ. ಇಲ್ಲವೇ ಕಂಪ್ರೆಸರ್ ಇಟ್ಟು ಮೇಲಿನ ಹೆಚ್ಚಿನ ಒತ್ತಡದ ಜಾಲಕ್ಕೆ ತಳ್ಳಬೇಕು. ಫ್ರಾನ್ಸ್‌ನಲ್ಲಿ ಅಂಥ ಹಿಮ್ಮುಖ ಕಂಪ್ರೆಸರ್ ಕೇಂದ್ರಗಳನ್ನು ಕಟ್ಟಿದ್ದಾರೆ. ಆದರೆ ಅದರ ಖರ್ಚು ಸಣ್ಣ ಘಟಕವೊಂದು ಹೊರುವಂಥದ್ದಲ್ಲ.

ಆದ್ದರಿಂದ ಪದರದಲ್ಲಿ ಪೈಪಿನ ದೂರದ ಜೊತೆಗೆ ಅತಿ ಕಡಿಮೆ ಬೇಡಿಕೆಯನ್ನೂ ಹಾಕಿ. ದಿನವೂ ಒಂದೇ ಸಮ ಗ್ಯಾಸ್ ಉರಿಸುವ ಕಾರ್ಖಾನೆ ಒಂದಿದ್ದರೆ ಅದು 10 ಕಿ.ಮೀ. ಪೈಪಿಗಿಂತ ಮೇಲು.

ಪದರಪ್ರಿಯ

ಪೈಪೇ ಇಲ್ಲದ ಕಡೆ?

ಗ್ರಿಡ್‌ಗಿರಾಕಿ

ಸಿಲಿಂಡರ್ ಗೊಂಚಲುಗಳಲ್ಲಿ ತುಂಬಿ ಲಾರಿಯಲ್ಲಿ ಒಯ್ಯಬಹುದು, ವಾಹನಗಳಿಗೆ ತುಂಬಬಹುದು. ಇನ್ನೊಂದು ದಾರಿ ಇದೆ. ಬಯೋಗ್ಯಾಸಿನಲ್ಲಿ ಮೀಥೇನ್ ಶೇ. 50ರಿಂದ 70 ಇರುತ್ತದೆ. ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್, ಜೊತೆಗೆ ಸ್ವಲ್ಪ ಹೈಡ್ರೋಜನ್ ಸಲ್ಫೈಡ್. ಅದನ್ನು ಶೇ. 95ಕ್ಕೂ ಮೇಲೆ ಶುದ್ಧ ಮಾಡುವ ಯಂತ್ರ ಸಣ್ಣದಾದಷ್ಟೂ ಪ್ರತಿ ಘನ ಮೀಟರ್‌ಗೆ ದುಬಾರಿ. ಹಾಗಾಗಿ 4-5 ಸಣ್ಣ ಡೈಜೆಸ್ಟರ್‌ಗಳಿಂದ ಕಚ್ಚಾ ಗ್ಯಾಸನ್ನು ಕಡಿಮೆ ಒತ್ತಡದ ಪ್ಲಾಸ್ಟಿಕ್ ಪೈಪಿನಲ್ಲಿ ಒಂದು ಕಡೆ ತಂದು ಅಲ್ಲಿ ಶುದ್ಧ ಮಾಡಿ ಜಾಲಕ್ಕೆ ಬಿಡಬಹುದು. ಹಾಗೆ ಮಾಡಿದರೆ ಬಗ್ಗಡ ಹಳ್ಳಿಯಲ್ಲೇ ಉಳಿಯುತ್ತದೆ, ಗ್ಯಾಸ್ ಮಾತ್ರ ಪ್ರಯಾಣ ಮಾಡುತ್ತದೆ. ಹಳೇ ಆಪರೇಟರ್ ಹೇಳಿದ ತೊಂದರೆಗೂ ಇದು ಒಂದು ಉತ್ತರ.

ಟ್ಯಾಂಕರ್‌ಲೆಕ್ಕ

ಸಾಗಣೆ ಬಗ್ಗೆ ಒಂದು ಮಾತು. "20 ಕಿ.ಮೀ. ದಾಟಿದರೆ ಸ್ಲರಿಯ ಗ್ಯಾಸೆಲ್ಲ ಲಾರಿಯ ಡೀಸೆಲ್‌ಗೇ ಹೋಗುತ್ತದೆ" ಅನ್ನುವ ಮಾತು ಸುಳ್ಳು. 25 ಟನ್ ಸ್ಲರಿಯಿಂದ 275 ಘನ ಮೀಟರ್ ಮೀಥೇನ್. 1 ಘನ ಮೀಟರ್ ಹೆಚ್ಚುಕಮ್ಮಿ 1 ಲೀಟರ್ ಡೀಸೆಲ್‌ಗೆ ಸಮ. ಲಾರಿ 100 ಕಿ.ಮೀ.ಗೆ 35 ಲೀಟರ್ ಕುಡಿದರೆ 40 ಕಿ.ಮೀ. ಹೋಗಿಬರಲು 14 ಲೀಟರ್. ಅಂದರೆ ಶೇ. 5ರಷ್ಟು. ಬಗ್ಗಡಕ್ಕೆ ಬೇರೆ ಲಾರಿ ಓಡಿಸಿದರೂ ಶೇ. 10.

ಕಟ್ಟಿಹಾಕುವುದು ಡೀಸೆಲ್ ಅಲ್ಲ. ಚಾಲಕನ ಹೊತ್ತು, ಲಾರಿಯ ಬಾಡಿಗೆ, ತುಂಬಿ ಇಳಿಸಲು ಹಿಡಿಯುವ ಸಮಯ. 5 ಕಿ.ಮೀ. ದೂರಕ್ಕೂ 25 ಕಿ.ಮೀ. ದೂರಕ್ಕೂ ತುಂಬಿ ಇಳಿಸುವ ಸಮಯ ಒಂದೇ. ಆದ್ದರಿಂದ ದೂರವನ್ನು ಕಿಲೋಮೀಟರ್‌ನಲ್ಲಿ ಅಳೆಯಬೇಡಿ, ನಿಮಿಷದಲ್ಲಿ ಅಳೆಯಿರಿ. ಗಾಳಿಗೆರೆಯ ಬಫರ್, ಅಂದರೆ ನೇರ ದೂರದ ವೃತ್ತ, ಹಾಕಿದ್ದರೆ ತೆಗೆದುಹಾಕಿ. ನಡುವೆ ಹೊಳೆ ಇದ್ದು ಸೇತುವೆ ದೂರ ಇದ್ದರೆ 3 ಕಿ.ಮೀ. 20 ಆಗುತ್ತದೆ. ಸೇತುವೆಗಳ ಭಾರದ ಮಿತಿಯನ್ನೂ ನೋಡಿ. ಟ್ಯಾಂಕರ್ ದಾಟಲಾಗದ ಸೇತುವೆ ನಮಗೆ ಇಲ್ಲದ ಸೇತುವೆಯೇ.

ಇನ್ನು ಅಕ್ಕಪಕ್ಕದವರ ವಿಷಯ. 50,000 ಟನ್ ಅಂದರೆ 2,000 ಲೋಡ್ ಒಳಗೆ, 1,900 ಲೋಡ್ ಹೊರಗೆ. ವರ್ಷಕ್ಕೆ 250 ದಿನ ಓಡಿಸಿದರೆ ದಿನಕ್ಕೆ ಸುಮಾರು 16 ಲಾರಿ, ಹೋಗಿ ಬಂದು 32 ಸಲ. ಸ್ಲರಿ ತಂದ ಟ್ಯಾಂಕರೇ ಬಗ್ಗಡ ತುಂಬಿಕೊಂಡು ವಾಪಸ್ ಹೋದರೆ ಇದು 9 ಲಾರಿಗೆ ಇಳಿಯುತ್ತದೆ. ಡೆನ್ಮಾರ್ಕ್‌ನಲ್ಲಿ 1980ರ ದಶಕದಿಂದ ಕಟ್ಟಿದ ಸಾಮೂಹಿಕ ಘಟಕಗಳು ಹೀಗೇ ನಡೆಯುತ್ತವೆ. ರೈತ ಸ್ಲರಿ ಕೊಡುತ್ತಾನೆ, ಬಗ್ಗಡ ತೆಗೆದುಕೊಳ್ಳುತ್ತಾನೆ. ಅವನಿಗೆ ಹೆಚ್ಚಾದದ್ದು ಪಶು ಇಲ್ಲದ, ಬರೀ ಬೆಳೆ ತೆಗೆಯುವವನ ಹೊಲಕ್ಕೆ ಹೋಗುತ್ತದೆ. ಘಟಕವೇ ಗೊಬ್ಬರ ಹಂಚುವ ಕೇಂದ್ರ. ಅಲ್ಲಿ ಇವತ್ತು ಗ್ಯಾಸ್ ಜಾಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಯೋಮೀಥೇನ್ ಇದೆ ಅಂದರೆ ಅದರ ಹಿಂದೆ ಈ ಟ್ಯಾಂಕರ್ ವ್ಯವಸ್ಥೆಯೂ ಇದೆ.

ಹಳೇ ಆಪರೇಟರ್

ಟ್ಯಾಂಕರ್ ತೊಳೆಯುವುದನ್ನು ಮರೆಯಬೇಡಿ. ಒಂದು ಕೊಟ್ಟಿಗೆಯ ರೋಗ ಇನ್ನೊಂದಕ್ಕೆ ಹೋಗಬಾರದು. ಊಟದ ಉಳಿಕೆ ಸೇರಿದರೆ ಬಿಸಿ ಮಾಡುವ ನಿಯಮವೂ ಬರುತ್ತದೆ. ಯುರೋಪಿನಲ್ಲಿ 12 ಮಿ.ಮೀ.ಗಿಂತ ಸಣ್ಣದಾಗಿ ಕತ್ತರಿಸಿ, 70 ಡಿಗ್ರಿಯಲ್ಲಿ 1 ಗಂಟೆ ಇಡಬೇಕು. ಅದಕ್ಕೂ ಜಾಗ ಬೇಕು.

ಅಂಕಿಅಂಶ

ತಡವಾಗಿ ಬಂದೆ. ಎಎಚ್‌ಪಿ ಬಗ್ಗೆ ಯಾರೂ ಏನೂ ಹೇಳಲಿಲ್ಲವಲ್ಲ. 1970ರ ದಶಕದಲ್ಲಿ ಥಾಮಸ್ ಸಾಟಿ ರೂಪಿಸಿದ ವಿಧಾನ. ಒಳ್ಳೆಯದೇ. ಆದರೆ ಸ್ಥಿರತೆ ಅನುಪಾತ 0.1ಕ್ಕಿಂತ ಕಡಿಮೆ ಬಂತು ಅಂದರೆ ನಿಮ್ಮ ಮಾತಿಗೆ ನೀವೇ ವಿರುದ್ಧ ಹೋಗಿಲ್ಲ ಅಂತ ಅಷ್ಟೇ ಅರ್ಥ. ನಿಮ್ಮ ಮಾತು ಸರಿ ಅಂತಲ್ಲ. ತಪ್ಪನ್ನೂ ಬಹಳ ಸ್ಥಿರವಾಗಿ ಹೇಳಬಹುದು.

ಅದಕ್ಕಿಂತ ದೊಡ್ಡ ತೊಂದರೆ ಅಂಕಗಳನ್ನು ಕೂಡಿಸುವುದರಲ್ಲಿದೆ. ಕೂಡಿಸಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಬಿಡುತ್ತದೆ. ಬಗ್ಗಡ ಹಾಕಲು ಹೊಲವೇ ಇಲ್ಲದ ಜಾಗ, ರಸ್ತೆ ಚೆನ್ನಾಗಿದೆ ಅಂತ 80 ಅಂಕ ತೆಗೆದುಕೊಳ್ಳಬಹುದು. ನಿಜದಲ್ಲಿ ಹಾಗೆ ತುಂಬುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಬಗ್ಗಡದ ಮಿತಿ, ಪೈಪಿನ ಮಿತಿ ಇವೆರಡನ್ನು ಅಂಕದಿಂದ ತೆಗೆದು ಅಳಿಸುವ ಗುಂಪಿಗೆ ಹಾಕಿ. ಉಳಿದವನ್ನು ಅಂಕ ಮಾಡುವ ಬದಲು ಪ್ರತಿ ಘನ ಮೀಟರ್ ಮೀಥೇನ್‌ಗೆ ಬೀಳುವ ಖರ್ಚಾಗಿ ಬದಲಿಸಿ. ಖರ್ಚು ಆದರೆ ಯಾರು ಬೇಕಾದರೂ ಪ್ರಶ್ನೆ ಮಾಡಬಹುದು. 0.37 ಅನ್ನುವ ತೂಕವನ್ನು ಹೇಗೆ ಪ್ರಶ್ನೆ ಮಾಡುವುದು?

ಮತ್ತೆ, ಒಂದೊಂದು ಚೌಕಕ್ಕೆ ಬೇರೆ ಬೇರೆ ಅಂಕ ಕೊಡುವ ನಕ್ಷೆ ಒಂದು ವಿಷಯ ಮರೆಮಾಡುತ್ತದೆ. ಪಕ್ಕಪಕ್ಕದ 2 ಹಸಿರು ಜಾಗಗಳು ಒಂದೇ ಸ್ಲರಿಯನ್ನು ಎಣಿಸಿರುತ್ತವೆ. ಒಂದು ಘಟಕ ಕಟ್ಟಿದ ಕೂಡಲೇ ಇನ್ನೊಂದು ಜಾಗ ಕೆಂಪಾಗುತ್ತದೆ. ಇದಕ್ಕೆ ಪಿ-ಮೀಡಿಯನ್ ಥರದ ಮಾದರಿ ಬೇಕು. 1964ರಲ್ಲಿ ಹಕೀಮಿ ಜಾಲಗಳ ಮೇಲೆ ತೋರಿಸಿದ ಲೆಕ್ಕ. ಇಷ್ಟು ಘಟಕ ಇಡಬೇಕು ಅಂದರೆ ಒಟ್ಟು ಸಾಗಣೆ ಕಡಿಮೆ ಆಗುವಂತೆ ಎಲ್ಲೆಲ್ಲಿ ಇಡಬೇಕು ಅಂತ ಒಟ್ಟಿಗೇ ಹೇಳುತ್ತದೆ. ನಿಮ್ಮ ಸಂದರ್ಭದಲ್ಲಿ ಒಳಗೆ ಬರುವ ಸಾಗಣೆ, ಹೊರಗೆ ಹೋಗುವ ಸಾಗಣೆ ಎರಡನ್ನೂ ಅದಕ್ಕೆ ಕೊಡಿ.

ಸುಮ್ನೆ ಓದುಗ

2025ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಇಡೀ ಜಗತ್ತಿಗೇ ಇಂಥ ನಕ್ಷೆ ಮಾಡಿತ್ತಲ್ಲ? ಈಗಿನ ಜಾಗತಿಕ ಗ್ಯಾಸ್ ಬೇಡಿಕೆಯ ನಾಲ್ಕನೇ ಒಂದು ಭಾಗದಷ್ಟು ಸಿಗಬಹುದು ಅಂತ. ಅದನ್ನೇ ಬಳಸಬಾರದಾ?

ಅಂಕಿಅಂಶ

ಎಷ್ಟು ಸಿಗಬಹುದು ಅನ್ನುವುದಕ್ಕೆ ಅದು ಒಳ್ಳೆಯದು. ಯಾವ ಸರ್ವೆ ನಂಬರಿನಲ್ಲಿ ಕಟ್ಟಬೇಕು ಅನ್ನುವುದಕ್ಕಲ್ಲ. ಜಾಗತಿಕ ದತ್ತಾಂಶಗಳ ಗುಣವೇ ಹಾಗೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒದ ಜಾನುವಾರು ನಕ್ಷೆ ಸುಮಾರು 10 ಕಿ.ಮೀ. ಚೌಕಗಳದ್ದು. ಜಿಲ್ಲೆ ಮಟ್ಟದ ಗಣತಿಯನ್ನು ಮಾದರಿ ಹಾಕಿ ಚೌಕಗಳಿಗೆ ಹಂಚಿರುತ್ತಾರೆ. ಅದರಲ್ಲಿ ಕಾಣುವ ಹಸು ಅಲ್ಲೇ ನಿಂತಿದೆ ಅಂತಲ್ಲ. ಹುಲ್ಲು ಚೆನ್ನಾಗಿದೆ, ಊರು ಹತ್ತಿರ ಇದೆ, ಆದ್ದರಿಂದ ಇಲ್ಲಿರಬಹುದು ಅಂತ. ಕೋಳಿ, ಹಂದಿಯ ದೊಡ್ಡ ಶೆಡ್‌ಗಳಲ್ಲಿ ಇದು ಜಾಸ್ತಿ ಕೈಕೊಡುತ್ತದೆ. ಅವು ನೆಲ ನೋಡಿ ಕೂರುವುದಿಲ್ಲ, ರಸ್ತೆ ಮತ್ತು ಮೇವಿನ ಗಿರಣಿ ನೋಡಿ ಕೂರುತ್ತವೆ. ನಿಮ್ಮ ಸಾಗಣೆ ದೂರವೇ 10 ಕಿ.ಮೀ. ಆಗಿರುವಾಗ 10 ಕಿ.ಮೀ. ಚೌಕದಿಂದ ಏನು ಗೊತ್ತಾಗುತ್ತದೆ?

ಮಣ್ಣುಮಾತು

ಸಿಗುವ ಪ್ರಮಾಣವೂ ಬೇರೆ. ಮೇಯುವ ಹಸುವಿನ ಸಗಣಿ ಹುಲ್ಲುಗಾವಲಲ್ಲಿ ಬೀಳುತ್ತದೆ, ಅದನ್ನು ಯಾರೂ ತರುವುದಿಲ್ಲ. ಕೊಟ್ಟಿಗೆಯಲ್ಲಿ ಕಳೆಯುವ ಗಂಟೆಗಳ ಲೆಕ್ಕದಲ್ಲಿ ಕಡಿತ ಮಾಡಿ. ಹುಲ್ಲು, ದಂಟು ಎಣಿಸಿದ್ದರೆ ಮೇವಿಗೆ, ಹಾಸಿಗೆಗೆ, ಮಣ್ಣಿಗೆ ಬಿಟ್ಟು ಉಳಿದದ್ದನ್ನು ಮಾತ್ರ ಹಿಡಿಯಿರಿ. ಈಗಾಗಲೇ ಕಾಂಪೋಸ್ಟ್‌ಗೋ ಪಶು ಆಹಾರಕ್ಕೋ ಹೋಗುತ್ತಿರುವುದನ್ನು ತ್ಯಾಜ್ಯ ಅಂತ ಕರೆಯುವುದು ಬೇಡ.

ತ್ಯಾಜ್ಯ ಸಾಲದಿದ್ದಾಗ ಬೆಳೆಯನ್ನೇ ಬೆಳೆದು ಹಾಕುವ ಆಸೆ ಬರುತ್ತದೆ. ಜರ್ಮನಿಯಲ್ಲಿ ಅದೇ ಆಯಿತು. ನವೀಕರಿಸಬಹುದಾದ ಇಂಧನ ಕಾಯ್ದೆಯ 2004ರ ತಿದ್ದುಪಡಿಯಲ್ಲಿ ಬೆಳೆದ ಕಚ್ಚಾ ಮಾಲಿಗೆ ಹೆಚ್ಚುವರಿ ದರ ಸಿಕ್ಕಿತು, ಮೆಕ್ಕೆಜೋಳ ಹರಡಿತು. ಕೊನೆಗೆ 2012ರಲ್ಲಿ ಹೊಸ ಘಟಕಗಳಿಗೆ ಮೆಕ್ಕೆಜೋಳ ಮತ್ತು ಧಾನ್ಯ ಶೇ. 60 ಮೀರಬಾರದು ಅಂತ ಮಿತಿ ಹಾಕಬೇಕಾಯಿತು. ಮಾಲು ಸಾಲದ ಕಡೆ ದೊಡ್ಡ ಘಟಕಕ್ಕೆ ಹಸಿರು ಬಣ್ಣ ಕೊಡುವ ನಕ್ಷೆ ಇದಕ್ಕೆ ದಾರಿ ಮಾಡಿಕೊಡುತ್ತದೆ.

ಪ್ರಶ್ನೆಗಾರ

ಇಷ್ಟೆಲ್ಲ ಯಾಕೆ? ಕೊನೆಗೆ ಯಾರು ಜಮೀನು ಕೊಡಲು ಒಪ್ಪುತ್ತಾರೋ ಅಲ್ಲೇ ಘಟಕ ಬರುತ್ತದೆ.

ಹಳೇ ಆಪರೇಟರ್

ನಿಜ. ಆದರೆ ಒಪ್ಪಿದ 5 ಜನರಲ್ಲಿ ಯಾರ ಜಮೀನು ಬೇಡ ಅಂತ ಹೇಳಲು ನಕ್ಷೆ ಬೇಕು. ಇಲ್ಲದಿದ್ದರೆ ಮೊದಲು ಬಂದವರ ಜಮೀನು ಆಗುತ್ತದೆ.

ಪದರಪ್ರಿಯ

ಎಲ್ಲರಿಗೂ ಥ್ಯಾಂಕ್ಸ್. ಬಗ್ಗಡದ ಪದರ ಒರಟಾಗಿ ಹಾಕಿ ಒಮ್ಮೆ ಓಡಿಸಿದೆ. ಟನ್ ಬದಲು ಮೀಥೇನ್, ಗಾಳಿಗೆರೆ ಬದಲು ರಸ್ತೆಯ ನಿಮಿಷ. ಪಶು ದಟ್ಟವಾಗಿರುವ ನಡುಭಾಗದ ಹಸಿರು ಪೂರ್ತಿ ಹೋಯಿತು. ಹೊಸ ಹಸಿರು ಒಂದು ಪಟ್ಟಿಯಂತೆ ಬಂದಿದೆ: ಒಂದು ಕಡೆ ಪಶು ಸಾಕಣೆ, ಇನ್ನೊಂದು ಕಡೆ ಬರೀ ಬೆಳೆ ತೆಗೆಯುವ ಹೊಲ, ಇವೆರಡರ ಗಡಿಯಲ್ಲಿ. ಪಟ್ಟಿಯ ತುದಿಯಲ್ಲಿ ಊರು ಹತ್ತಿರ ಇರುವ ಕಡೆ ಬಣ್ಣ ಇನ್ನೂ ಗಾಢ.

ಜಮೀನಿನ ಅಳತೆ ಎಷ್ಟು ಇಟ್ಟುಕೊಳ್ಳಲಿ? ನನ್ನ ಚೌಕ 100 ಮೀಟರ್, ಅಂದರೆ 1 ಹೆಕ್ಟೇರ್.

ಹಳೇ ಆಪರೇಟರ್

ಒಂದು ಚೌಕ ಸಾಲದು. 47,500 ಟನ್ ಬಗ್ಗಡದಲ್ಲಿ 6 ತಿಂಗಳದ್ದು ನಿಲ್ಲಿಸಲು ಸುಮಾರು 24,000 ಘನ ಮೀಟರ್ ತೊಟ್ಟಿ ಬೇಕು. ಮುಚ್ಚಿದ ತೊಟ್ಟಿ. ಅದರಿಂದಲೂ ಗ್ಯಾಸ್ ಬರುತ್ತಿರುತ್ತದೆ, ತೆರೆದಿಟ್ಟರೆ ನೀವು ತಡೆಯಲು ಹೊರಟ ಮೀಥೇನೇ ಹಾರಿಹೋಗುತ್ತದೆ. ಡೈಜೆಸ್ಟರ್, ಶುದ್ಧೀಕರಣ, ಲಾರಿ ತಿರುಗುವ ಜಾಗ, ಸೋರಿದರೆ ತಡೆಯುವ ಒಡ್ಡು ಎಲ್ಲ ಸೇರಿಸಿ ಒಟ್ಟಿಗೆ ಅಂಟಿಕೊಂಡಿರುವ 4 ಹೆಕ್ಟೇರ್ ಇಟ್ಟುಕೊಳ್ಳಿ. ತೊಟ್ಟಿಗಳೆಲ್ಲ ಅಲ್ಲೇ ಇರಬೇಕು ಅಂತಿಲ್ಲ, ಅರ್ಧವನ್ನು ಹೊಲಗಳ ಹತ್ತಿರ ಕಟ್ಟಬಹುದು. ಹಾಕುವ ಕಾಲದಲ್ಲಿ ಎಲ್ಲ ಟ್ಯಾಂಕರ್ ಒಂದೇ ರಸ್ತೆಗೆ ನುಗ್ಗುವುದು ತಪ್ಪುತ್ತದೆ.

ಟ್ಯಾಂಕರ್‌ಲೆಕ್ಕ

ಆ ದೂರದ ತೊಟ್ಟಿಗಳನ್ನೂ ಪಿ-ಮೀಡಿಯನ್‌ನಲ್ಲಿ ಬೇರೆ ಬಿಂದುಗಳಾಗಿ ಸೇರಿಸಿ. ರಸ್ತೆಯ ಫೈಲ್ ಸಿದ್ಧವಾದಾಗ ಇಲ್ಲಿ ಹಾಕಿ, ಸೇತುವೆಗಳನ್ನು ನಾನು ನೋಡಿಕೊಡುತ್ತೇನೆ.